ಸಹಾಯ ಬೇಕು: ನಾಯಿಗೆ ಅಲರ್ಜಿಯ ರಕ್ತ ಪರೀಕ್ಷೆ ಎಲ್ಲಿ ಮಾಡಿಸಬೇಕು?

ಎಲ್ಲರಿಗೂ ನಮಸ್ಕಾರ ರೀ. ನಾವು ಧಾರವಾಡ ಸಪ್ತಾಪುರದವರು. ನಮ್ಮ ರಾಜಾ ನಾಲ್ಕು ವರ್ಷದ ಲ್ಯಾಬ್ರಡಾರ್. ಮಳೆ ಶುರುವಾದಾಗಿನಿಂದ ಪಾದ ನೆಕ್ಕುವುದು, ಕಿವಿ ಕೆರೆಯುವುದು ನಿಂತೇ ಇಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲ ಅವನಿಗೆ. ಹೊಟ್ಟೆಯ ಕೂದಲು ಉದುರಿ ಚರ್ಮ ಕೆಂಪಾಗಿದೆ. ನೋಡಿದರೆ ಕರುಳು ಚುರ್ ಅನ್ನುತ್ತದೆ.

ಚಿಗಟ, ಉಣ್ಣಿಗೆ ಔಷಧ ಹಾಕಿದ್ದಾಗಿದೆ. ಡಾಕ್ಟರು ಚರ್ಮ ಕೆರೆದು ನೋಡಿದರು, ಕಜ್ಜಿ ಹುಳ ಸಿಗಲಿಲ್ಲ. ಆಹಾರದ ಅಲರ್ಜಿಯೇ ಎಂದು ನೋಡಲು ಎಂಟು ವಾರ ಅವನು ಹಿಂದೆಂದೂ ತಿನ್ನದ ಆಹಾರ ಒಂದನ್ನೇ ಕೊಟ್ಟೆವು. ಒಂದು ಬಿಸ್ಕೀಟೂ ಹಾಕಲಿಲ್ಲ. ಆದರೂ ತುರಿಕೆ ಇಳಿಯಲಿಲ್ಲ. ಈಗ ಉಳಿದಿರುವುದು ಧೂಳಿನ ಹುಳ, ಹುಲ್ಲಿನ ಪರಾಗ ಇಂಥವು. ನನಗೆ ಅನುಮಾನ ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಕಸದ ಮೇಲೆ. ಅದರಲ್ಲೇ ದಿನಾ ಹೊರಳಾಡುತ್ತಾನೆ.

ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ನೋಡುವ ಪರೀಕ್ಷೆ ಮಾಡಿಸಿ, ಅದರ ಪ್ರಕಾರ ಅಲರ್ಜಿ ಇಂಜೆಕ್ಷನ್ (ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ಒಗ್ಗಿಸುವುದು) ಶುರು ಮಾಡಬೇಕೆಂದಿದ್ದೇವೆ. ಆಹಾರದ ಅಲರ್ಜಿಗೆ ಈ ಪರೀಕ್ಷೆ ನಂಬುವಂಥದ್ದಲ್ಲ, ಅದನ್ನು ಸುಮ್ನೆ ಸೇರಿಸುವುದು ಬೇಡ.

ಹುಬ್ಬಳ್ಳಿ-ಧಾರವಾಡದಲ್ಲಿ ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಗದಗದ ಪಶುವೈದ್ಯಕೀಯ ಕಾಲೇಜಿಗೆ ಹೀಗೆ ಕರೆದುಕೊಂಡು ಹೋದವರು ಇದ್ದೀರಾ? ಎಷ್ಟು ಖರ್ಚಾಯಿತು? ಇಂಜೆಕ್ಷನ್ ಶುರುವಾಗಿ ಎಷ್ಟು ತಿಂಗಳಿಗೆ ನಿಮ್ಮ ನಾಯಿಗೆ ಆರಾಮಾಯಿತು?