‘ಹಿಂಬಡ್ತಿ’ ಎಂದಿರುವಲ್ಲೆಲ್ಲ ‘ಡಿಮೋಟ್’ ಬಳಸಬಹುದೇ?

ಪ್ರಶ್ನೆ (ಮಲ್ಲೇಶ್ವರದ ಓದುಗ):
ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಆದೇಶಗಳನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದು. ಜ್ಯೇಷ್ಠತಾ ಪಟ್ಟಿ ಪರಿಷ್ಕರಣೆಯಾದ ಕಾರಣ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಒಬ್ಬರು ಸಹಾಯಕ ಎಂಜಿನಿಯರ್ ಹುದ್ದೆಗೆ ಮರಳಬೇಕಾಗಿದೆ; ಆದೇಶದಲ್ಲಿ ‘ಹಿಂಬಡ್ತಿ’ ಎಂದಿದೆ. ಇದನ್ನು ‘ಡಿಮೋಟ್’ ಎಂದು ಬರೆದರೆ ಅವರು ತಪ್ಪೆಸಗಿ ಶಿಕ್ಷೆಗೊಳಗಾದರು ಎಂಬ ಅರ್ಥ ಬಂದೀತೇ? ‘ರಿಲಿಗೇಟ್’, ‘ಡೌನ್‌ಗ್ರೇಡ್’ ಪದಗಳ ಬಳಕೆಯನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಜಯನಗರದ ನಿವೃತ್ತ ನೌಕರ):
ನಿಮ್ಮ ಅನುಮಾನ ಸರಿಯಾಗಿದೆ. ನಿಘಂಟಿನಲ್ಲಿ ‘ಡಿಮೋಟ್’ ಎಂದರೆ ದರ್ಜೆ ಇಳಿಸುವುದು ಎಂದಷ್ಟೇ ಇದ್ದರೂ, ನೌಕರನ ವಿಷಯದಲ್ಲಿ ಆ ಪದ ಕಂಡೊಡನೆ ಓದುವವರು ಅವನಿಂದ ಏನು ಲೋಪವಾಯಿತು ಎಂದೇ ಯೋಚಿಸುತ್ತಾರೆ. ಸಂವಿಧಾನದ 311(2)ನೇ ವಿಧಿಯು ಸೇವೆಯಿಂದ ವಜಾ ಮಾಡುವುದರ ಜೊತೆಯಲ್ಲೇ ‘ರಿಡಕ್ಷನ್ ಇನ್ ರ‍್ಯಾಂಕ್’ ಅನ್ನೂ ಹೆಸರಿಸಿ, ಆರೋಪಗಳನ್ನು ತಿಳಿಸಿ ವಿಚಾರಣೆ ನಡೆಸದೆ ಅದನ್ನು ವಿಧಿಸಬಾರದು ಎನ್ನುತ್ತದೆ. ಆದರೆ ಹಂಗಾಮಿಯಾಗಿ ಮೇಲಿನ ಹುದ್ದೆಯಲ್ಲಿದ್ದವರು ತಮ್ಮ ಮೂಲ ಹುದ್ದೆಗೆ ಮರಳುವುದು ತನ್ನಷ್ಟಕ್ಕೇ ಶಿಕ್ಷೆಯಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಪರಶೋತ್ತಮ್ ಲಾಲ್ ಧಿಂಗ್ರಾ ಪ್ರಕರಣದಲ್ಲಿ ವಿವರಿಸಿದೆ. ಅದಕ್ಕೆ ಸಲ್ಲುವ ಕ್ರಿಯಾಪದ ‘ರಿವರ್ಟ್’. ಮೀಸಲಾತಿಯಡಿ ಬಡ್ತಿ ಪಡೆದವರ ಜ್ಯೇಷ್ಠತೆ ಕುರಿತು ಸುಪ್ರೀಂ ಕೋರ್ಟ್ 2017ರಲ್ಲಿ ನೀಡಿದ ಬಿ.ಕೆ. ಪವಿತ್ರಾ ತೀರ್ಪಿನ ನಂತರ ನಮ್ಮ ರಾಜ್ಯದಲ್ಲಿ ನಡೆದ ಹಿಂಬಡ್ತಿಗಳಿಗೂ ಜ್ಯೇಷ್ಠತೆಯ ಲೆಕ್ಕ ಬದಲಾದದ್ದೇ ಕಾರಣವಾಗಿತ್ತು, ಯಾರದೋ ದುರ್ನಡತೆಯಲ್ಲ. ಕನ್ನಡದ ‘ಹಿಂಬಡ್ತಿ’ ಎರಡು ಸಂದರ್ಭಗಳಿಗೂ ಒದಗುವುದರಿಂದಲೇ ಅನುವಾದಕರು ಆದೇಶದ ಕಾರಣವನ್ನು ಓದಿಕೊಂಡು ಪದ ಆರಿಸಬೇಕಾಗುತ್ತದೆ.

ಉತ್ತರ (ಬಸವನಗುಡಿಯಿಂದ):
ಸ್ವಲ್ಪ ಭಿನ್ನಾಭಿಪ್ರಾಯವಿದೆ. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕುಬ್ಜಗ್ರಹಗಳ ವರ್ಗಕ್ಕೆ ಸೇರಿಸಿದಾಗ ಇಂಗ್ಲಿಷ್ ಪತ್ರಿಕೆಗಳು ಧಾರಾಳವಾಗಿ ‘ಡಿಮೋಟ್’ ಎಂದೇ ಬರೆದವು. ಅಲ್ಲಿ ಬದಲಾದದ್ದು ಗ್ರಹದ ವ್ಯಾಖ್ಯೆ ಮಾತ್ರ. ಅಮೆರಿಕನ್ ಡಯಲೆಕ್ಟ್ ಸೊಸೈಟಿಯು ಸ್ಥಾನ ಕಳೆದುಕೊಳ್ಳುವುದು ಎಂಬ ಅರ್ಥದ ‘ಪ್ಲೂಟೋಡ್’ ಎಂಬ ಹೊಸ ರೂಪವನ್ನೇ ಆ ವರ್ಷದ ಪದವಾಗಿ ಆರಿಸಿತು. ಹಾಗಾಗಿ ಕಳಂಕದ ಛಾಯೆ ಪದದಲ್ಲಿಲ್ಲ, ಸಂದರ್ಭದಲ್ಲಿದೆ. ಆದರೂ ಒಬ್ಬರ ಸೇವಾ ದಾಖಲೆಯ ಪ್ರಶ್ನೆ ಬಂದಾಗ ‘ರಿವರ್ಟ್’ ಎಂಬುದೇ ನ್ಯಾಯ ಎಂದು ನಾನೂ ಒಪ್ಪುತ್ತೇನೆ.

‘ರಿಲಿಗೇಟ್’ ಬೇರೆಯೇ. ರೋಮನ್ನರ ಕಾಲದಲ್ಲಿ ಅದು ದೂರದ ಊರಿಗೆ ಕಳುಹಿಸುವ, ಆದರೆ ಪೌರತ್ವವನ್ನು ಕಸಿಯದ ಗಡೀಪಾರಾಗಿತ್ತು. ಇಂದು ಮೂಲೆಗೆ ಸರಿಸುವುದಕ್ಕೂ, ಫುಟ್‌ಬಾಲ್ ತಂಡ ಕೆಳಗಿನ ಲೀಗ್‌ಗೆ ಇಳಿಯುವುದಕ್ಕೂ ಹೇಳುತ್ತಾರೆ. ‘ಡೌನ್‌ಗ್ರೇಡ್’ ಹೆಚ್ಚಾಗಿ ಸಾಲದ ರೇಟಿಂಗ್, ವಿಮಾನದ ಆಸನದಂಥವಕ್ಕೆ ಸಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕರಡಿನಲ್ಲಿ ‘ರಿವರ್ಟೆಡ್ ಟು ದಿ ಪೋಸ್ಟ್ ಆಫ್’ ಎಂದು ತಿದ್ದಿ, ಜ್ಯೇಷ್ಠತಾ ಪಟ್ಟಿಯ ಪರಿಷ್ಕರಣೆಯೇ ಕಾರಣ ಎಂಬುದನ್ನು ಅದೇ ವಾಕ್ಯದಲ್ಲಿ ಸೇರಿಸುತ್ತೇನೆ.