ಸ್ಟ್ರೋಬ್ (ಸ್ಟುಡಿಯೋ ಫ್ಲ್ಯಾಶ್) ಹೊಡದ್ರ ಬಿದ್ರಿ ಸುರಾಯಿ ಮ್ಯಾಲ ಬೆಳ್ಳನ್ ಮಚ್ಚಿ ಬರ್ಲತದ, ಏನ್ ಮಾಡ್ಲಿ?

ಚೌಬಾರಾ_ಕ್ಲಿಕ್ (ಬೀದರ್):
ನಮಸ್ಕಾರ್ರಿ ಎಲ್ಲಾರ್ಗೂ. ನಮ್ಮ ಓಣ್ಯಾಗ ಬಿದ್ರಿ ಕೆಲಸ ಮಾಡೋ ಹಿರಿಯರು ಒಬ್ರು ಅದಾರ, ಅವರು ಸುರಾಯಿ ಕೈಯಾಗ ಹಿಡ್ಕೊಂಡು ಕುಂತಿದ್ದು ಒಂದ್ ಛಲೋ ಪೋರ್ಟ್ರೇಟ್ ತೆಗೀಬೇಕಂತ ಭಾಳ ಆಸೆ. ಸಣ್ಣ ಖೋಲಿ, 300 ವಾಟ್-ಸೆಕೆಂಡ್‌ದ ಒಂದೇ ಸ್ಟ್ರೋಬ್, ಅದರ ಮುಂದ 60x90 ಸೆಂ.ಮೀ. ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗ ಮಾಡೋ ಬಿಳಿ ಬಟ್ಟಿ ಡಬ್ಬಿ). ಮುಖ ಚಂದ ಬರ್ಲತದ, ಸುರಾಯಿ ನಡುವ ಮಾತ್ರ ಸುಟ್ಟಂಗ ಬೆಳ್ಳನ್ ಮಚ್ಚಿ, ಬೆಳ್ಳಿ ಹೂವಿನ ಕೆಲಸಾನೇ ಕಾಣವಲ್ದು. ಪವರ್ ಇಳಿಸಿದ್ರ ಮುಖ ಕಪ್ಪಾಗ್ತದ. ಇನ್ನೊಂದು, ಕಿಟಕಿ ಬೆಳಕು ಬ್ಯಾಡಂತ ಶಟರ್ 1/500 ಇಟ್ರ ಒಂದ್ ಮಗ್ಗಲಿಗೆ ಕರೀ ಪಟ್ಟಿ. ಪೋಲರೈಜರ್ (ಹೊಳಪು ಕಮ್ಮಿ ಮಾಡೋ ಲೆನ್ಸ್ ಫಿಲ್ಟರ್) ತಗೊಂಡ್ರ ಮಚ್ಚಿ ಹೋಗ್ತದೇನ್ರಿ?

ಸೇಡಂ_ರೋಡ್ (ಕಲಬುರಗಿ):
ಪಟ್ಟಿ ಬರೋದು ಸಿಂಕ್ ಸ್ಪೀಡ್, ಅಂದ್ರ ಫ್ಲ್ಯಾಶ್ ಜೊತಿ ನಡಿಯೋ ಹೆಚ್ಚಿನ ಶಟರ್ ಸ್ಪೀಡ್, ದಾಟಿದ್ದಕ್ಕರಿ. ಫ್ಲ್ಯಾಶ್ ಹೊಡಿಯೋ ಹೊತ್ತಿಗೆ ಶಟರಿನ ಎರಡನೇ ಪರದೆ ಆಗ್ಲೇ ಸೆನ್ಸರ್ ಮುಚ್ಚಲಾಕ ಶುರು ಮಾಡಿರ್ತದ. ಹೆಚ್ಚಿನ ಕ್ಯಾಮೆರಾದಾಗ 1/200 ಇಲ್ಲಾ 1/250 ತನಕ ಅಷ್ಟೇ. 1/160, ಐಎಸ್‌ಒ 100, ಎಫ್ 8 ಇಡ್ರಿ, ಕಿಟಕಿಗೆ ಪರದೆ ಎಳೀರಿ. ಮಚ್ಚಿಗೆ ಲೈಟ್ ದೂರ ಸರಿಸಿ ನೋಡ್ರಿ.

ಕೋಟೆ_ಬೆಳಕು (ಬೀದರ್):
ದೂರ ಬ್ಯಾಡ್ರಿ, ದೂರ ಹೋದಂಗ ಸಾಫ್ಟ್‌ಬಾಕ್ಸ್ ಸಣ್ಣದಾಗಿ ಮಚ್ಚಿ ಇನ್ನೂ ಚುರುಕಾಗ್ತದ. ಹತ್ರ ತರ್ರಿ! ಅಂತರ ಅರ್ಧ ಮಾಡಿದ್ರ ಮುಖಕ್ಕ ಬೆಳಕು ನಾಕು ಪಟ್ಟು ಆಗ್ತದ, ಹಂಗಾಗಿ ಪವರ್ ಕಾಲು ಭಾಗಕ್ಕ ಇಳಿಸ್ರಿ. ಮುಖದ ಎಕ್ಸ್‌ಪೋಜರ್ ಇದ್ದಂಗೇ ಇರ್ತದ, ಆದ್ರ ಬೆಳ್ಳಿಯೊಳಗ ಕಾಣೋದು ಸಾಫ್ಟ್‌ಬಾಕ್ಸಿನ ಬಟ್ಟೀನೇ ಅಲ್ರಿ, ಆ ಬಟ್ಟಿ ಹೊಳಪೇ ಕಮ್ಮಿ ಆಗಿರ್ತದ, ಅದಕ್ಕ ಮಚ್ಚಿ ಸುಡಂಗಿಲ್ಲ, ಉದ್ದಕ ಹರಡ್ತದ. ಸುರಾಯಿ ಉಬ್ಬಿರ್ತದ, ಎಲ್ಲಾರ ಒಂದ್ ಕಡೆ ಹೊಳಪು ಬಂದೇ ಬರ್ತದ, ಅದನ್ನ ಪೂರಾ ತೆಗೀಲಾಕ ಹೋಗಬ್ಯಾಡ್ರಿ. ಇನ್ನೂ ಮೆತ್ತಗ ಬೇಕಂದ್ರ ಸಾಫ್ಟ್‌ಬಾಕ್ಸ್ ಮುಂದ ಬಿಳಿ ಧೋತ್ರ ಕಟ್ರಿ, ಇನ್ನೊಂದ್ ಮಗ್ಗಲಿಗೆ ಥರ್ಮಾಕೋಲ್ ಹಾಳಿ ನಿಲ್ಲಿಸ್ರಿ, ಆ ಕಡಿ ಬೆಳ್ಳೀನೂ ಬೆಳ್ಳಗ ಎದ್ದು ಕಾಣ್ತದ.

ಪೋಲರೈಜರಿಗೆ ರೊಕ್ಕ ಹಾಕಬ್ಯಾಡ್ರಿ, ಅದು ಗಾಜು ನೀರಿನ ಹೊಳಪಿಗೆ ನಡೀತದ, ಬರೀ ಲೋಹದ ಹೊಳಪಿಗೆ ನಡ್ಯಂಗಿಲ್ಲ.

ಚೌಬಾರಾ_ಕ್ಲಿಕ್:
1/160ಕ್ಕ ಪಟ್ಟಿ ಹೋತ್ರಿ! ಲೈಟ್ ಹತ್ರ ತಂದ ಮ್ಯಾಲ ಹೂವಿನ ಬಳ್ಳಿ ಒಂದೊಂದೂ ಎಣಸೋ ಹಂಗ ಬಂದದ, ಭಾಳ ಖುಷಿ ಆತು. ಸುರಾಯಿಗೆ ಎಣ್ಣಿ ಹಚ್ಯಾರ, ಅದನ್ನ ತೆಗೀಲೇನು?

ಕೋಟೆ_ಬೆಳಕು:
ಪೂರಾ ತೆಗೀಬ್ಯಾಡ್ರಿ. ನವಸಾಗರ (ಒಂದ್ ಥರದ ಉಪ್ಪು) ಮತ್ತ ಕೋಟೆ ಮಣ್ಣಿನಿಂದ ಬಂದ ಸುರಾಯಿ ಕರೀ ಬಣ್ಣ ಗಾಢ ಆಗೋದೇ ಎಣ್ಣಿಯಿಂದ. ಮೆತ್ತನ್ ಬಟ್ಟೀಲೆ ಹೆಚ್ಚಾಗಿದ್ದಷ್ಟು ಒರಸ್ರಿ, ಅದೂ ಅವರ ಕೈಲೇ ಒರಸಿಸ್ರಿ.