ಮೈಕ್ರೋ ಆರ್‌ಎನ್‌ಎಗೂ ಕರುಳಿನ ಕ್ಯಾನ್ಸರ್ ಹರಡೋದಕ್ಕೂ ಏನು ಸಂಬಂಧ?

ತಿಪಟೂರು_ಮಗಳು:
ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ ಕೀಮೋನೂ ಮುಗಿದಿತ್ತು, ಈಗ ಸ್ಕ್ಯಾನ್ ಮಾಡಿದರೆ ಲಿವರ್‌ನಲ್ಲಿ ಎರಡು ಗಡ್ಡೆ ಕಾಣಿಸಿವೆ. ಒಂದು ಲ್ಯಾಬಿನವರು ಫೋನ್ ಮಾಡಿ, ಮೈಕ್ರೋ ಆರ್‌ಎನ್‌ಎ ಟೆಸ್ಟ್ ಮಾಡಿಸಿದರೆ ಇನ್ನೆಲ್ಲಿಗೆ ಹರಡುತ್ತದೆ ಅಂತ ಹೇಳುತ್ತೇವೆ ಅಂದರು. ಕೊಬ್ಬರಿ ಮಾರಿದ ದುಡ್ಡು ಇದೆ, ಅಷ್ಟೇ ಇರೋದು. ಗೊತ್ತಿದ್ದವರು ಬಿಡಿಸಿ ಹೇಳಿ.

ಕೋಲಾರ_ಬಯೋ:
ಅಕ್ಕ, ನಾನು ಓದಿದ್ದು ಇದೇ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಜೀನ್‌ನಿಂದ ಪ್ರೋಟೀನ್ ಆಗಬೇಕಾದರೆ ಮೊದಲು ಅದರ ಒಂದು ನಕಲು ತಯಾರಾಗುತ್ತದೆ. ಮೈಕ್ರೋ ಆರ್‌ಎನ್‌ಎ ಹೆಚ್ಚುಕಮ್ಮಿ 22 ಅಕ್ಷರದ (ಅಂದರೆ 22 ರಾಸಾಯನಿಕ ಕೊಂಡಿಗಳ) ಪುಟ್ಟ ತುಣುಕು, ಆ ನಕಲಿಗೆ ಅಂಟಿಕೊಂಡು ಪ್ರೋಟೀನ್ ಆಗದ ಹಾಗೆ ತಡೆಯುತ್ತದೆ. 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಇದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು.

ಕರುಳಿನ ಒಳಪದರದ ಜೀವಕೋಶಗಳು ಇ-ಕ್ಯಾಡ್ಹೆರಿನ್ ಅನ್ನೋ ಪ್ರೋಟೀನಿನಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಈ ಹಿಡಿತ ಕೆಡಿಸೋದು ಝೆಬ್1 ಅನ್ನೋ ಇನ್ನೊಂದು ಪ್ರೋಟೀನ್. ಆ ಝೆಬ್1 ತಲೆ ಎತ್ತದ ಹಾಗೆ ನೋಡಿಕೊಳ್ಳೋದು ಮಿರ್-200 ಅನ್ನೋ ಮೈಕ್ರೋ ಆರ್‌ಎನ್‌ಎ ಗುಂಪು. ಗಡ್ಡೆಯ ಅಂಚಿನಲ್ಲಿ ಮಿರ್-200 ಕಡಿಮೆಯಾದರೆ ಹಿಡಿತ ಸಡಿಲವಾಗಿ ಕೋಶ ಕಳಚಿಕೊಳ್ಳುತ್ತದೆ, ರಕ್ತಕ್ಕೆ ಸೇರುತ್ತದೆ. ಕರುಳಿನ ರಕ್ತ ಮೊದಲು ಹೋಗೋದೇ ಲಿವರ್‌ಗೆ ಅಲ್ವಾ, ಹಾಗಾಗಿ ಅಲ್ಲೇ ಜಾಸ್ತಿ. ಮಿರ್-21 ಉಲ್ಟಾ. ಅದು ಕ್ಯಾನ್ಸರ್‌ನಲ್ಲಿ ಏರಿ, ಹರಡೋದನ್ನು ತಡೆಯುವ ಪಿಡಿಸಿಡಿ4 ಪ್ರೋಟೀನನ್ನೇ ಇಳಿಸುತ್ತದೆ.

ಚಿಂತಾಮಣಿ_ಓದುಗ:
ಹಾಗಾದರೆ ಮಿರ್-200 ಅನ್ನೇ ಇಂಜೆಕ್ಷನ್ ಕೊಟ್ಟರೆ ಆಗಲ್ವಾ?

ಕೋಲಾರ_ಬಯೋ:
ಅಷ್ಟು ಸುಲಭ ಇಲ್ಲ ಸರ್. ಲಿವರ್ ಸೇರಿದ ಕೋಶ ಅಲ್ಲಿ ಬೆಳೆಯಬೇಕಾದರೆ ಮತ್ತೆ ಒಂದಕ್ಕೊಂದು ಅಂಟಿಕೊಳ್ಳಬೇಕು, ಆಗ ಅದೇ ಗುಂಪಿನ ಮಿರ್-200ಸಿ ಮತ್ತೆ ಏರುತ್ತದೆ. ಕಳಚುವಾಗ ಅಡ್ಡಿಯಾಗಿದ್ದೇ ನೆಲೆ ನಿಲ್ಲುವಾಗ ನೆರವಾಗುತ್ತದೆ. ಮಿರ್-34 ಅನ್ನೋ ಇನ್ನೊಂದು ಮೈಕ್ರೋ ಆರ್‌ಎನ್‌ಎಯ ಹಾಗೇ ಕೆಲಸ ಮಾಡೋ ಕೃತಕ ತುಣುಕನ್ನು ಔಷಧಿಯಾಗಿ ರೋಗಿಗಳಿಗೆ ಕೊಟ್ಟು ನೋಡಿದ್ದರು, ದೇಹದ ರೋಗನಿರೋಧಕ ಶಕ್ತಿಯೇ ಕೆರಳಿ ತೀವ್ರ ತೊಂದರೆಯಾಗಿ 2016ರಲ್ಲಿ ನಿಲ್ಲಿಸಿದರು. ಒಂದು ಮಿರ್ ಅಳೆದು 'ಇಲ್ಲಿಗೇ ಹರಡುತ್ತದೆ' ಅಂತ ಹೇಳೋಕೆ ಬರಲ್ಲ ಅಕ್ಕ.

ತುಮಕೂರು_ನರ್ಸ್:
ಆ ದುಡ್ಡು ಉಳಿಸಿಕೋ ಅಮ್ಮ. ಕೆ-ರಾಸ್, ಎನ್-ರಾಸ್, ಬಿ-ರಾಫ್, ಎಂಎಸ್‌ಐ ಟೆಸ್ಟ್ ಆಗಿದೆಯಾ ನೋಡು. ಮೊದಲ ಮೂರು ಗಡ್ಡೆಯ ಜೀನ್‌ಗಳು ಕೆಟ್ಟಿವೆಯಾ ಅಂತ ನೋಡೋದು, ಕೊನೇದು ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಅಂತ ನೋಡೋದು. ಯಾವ ಔಷಧಿ ಕೊಡಬೇಕು ಅನ್ನೋದು ಅದರ ಮೇಲೆ ನಿಂತಿದೆ, ಕೆ-ರಾಸ್ ಕೆಟ್ಟಿದ್ದರೆ ಸೆಟುಕ್ಸಿಮ್ಯಾಬ್ ಅನ್ನೋ ಔಷಧಿ ಸಾಮಾನ್ಯವಾಗಿ ಹಿಡಿಯಲ್ಲ. ಇದಕ್ಕೆ ಅಪ್ಪನಿಗೆ ಮತ್ತೆ ಸೂಜಿ ಚುಚ್ಚಿಸಬೇಕು ಅಂತೇನಿಲ್ಲ. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿಯಲ್ಲಿ ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಇಟ್ಟಿರುತ್ತಾರೆ, ಅರ್ಜಿ ಬರೆದು ಕೇಳು. ಎರಡೇ ಗಡ್ಡೆ ಅಂದರೆ ಕೆಲವರಿಗೆ ಲಿವರ್‌ನಲ್ಲೂ ಆಪರೇಷನ್ ಮಾಡಿ ತೆಗೆಯುತ್ತಾರೆ. ಸ್ಕ್ಯಾನ್ ಸಿಡಿ ತಗೊಂಡು ಮೊದಲು ಲಿವರ್ ಸರ್ಜನ್‌ಗೆ ತೋರಿಸು, ತಡ ಮಾಡಬೇಡ.